ಫಿಫಾ ಹಗರಣವನ್ನು ಮುಂದಿಟ್ಟುಕೊಂಡು ನಿಮ್ಮ ಕ್ಲಬ್ಬಿನ ಕಡತ ನೋಡುವುದು ಹೇಗೆ

ಕಾಫಿ ಕುಯಿಲು ಮುಗಿದು ಕಣಗಳು ಖಾಲಿಯಾದ ಮೇಲೆ, ಹೂಮಳೆಗಾಗಿ ಕಾಯುವ ದಿನಗಳಲ್ಲಿ, ಚಿಕ್ಕಮಗಳೂರು ಪಟ್ಟಣದಲ್ಲೂ ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಕಡೆಯ ಶಾಲಾ ಮೈದಾನಗಳಲ್ಲೂ ಏಳೇಳು ಜನರ ತಂಡಗಳ ಫುಟ್‌ಬಾಲ್ ಪಂದ್ಯಾವಳಿಗಳು ಶುರುವಾಗುತ್ತವೆ. ಪ್ರವೇಶ ಶುಲ್ಕ, ನಗದು ಬಹುಮಾನ, ಬ್ಯಾನರ್ ಹಾಕಿಸುವ ಪ್ರಾಯೋಜಕರು, ರಾತ್ರಿ ಆಟಕ್ಕೆ ಬಾಡಿಗೆ ಜನರೇಟರ್ ಹೀಗೆ ಹಣ ನಾಲ್ಕೂ ಕಡೆಯಿಂದ ಬಂದು ನಾಲ್ಕೂ ಕಡೆಗೆ ಹೋಗುತ್ತದೆ. ಇದನ್ನೆಲ್ಲ ನಡೆಸುವ ಕ್ಲಬ್ಬುಗಳಲ್ಲಿ ಹಲವು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಾಯಿತವಾದ ಸಂಘಗಳು. ಅಂಥ ಒಂದು ಕ್ಲಬ್ಬಿನಲ್ಲಿ ನಾನು ಕೆಲವು ವರ್ಷ ಖಜಾಂಚಿಯಾಗಿದ್ದೆ; ಅದಕ್ಕೂ ಮೊದಲು ಎಸ್ಟೇಟಿನಲ್ಲಿ ರೈಟರ್ ಕೆಲಸ ಮಾಡಿ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆದವನು. ಈ ಬರಹ ಕ್ಲಬ್ಬಿನ ಸಾಮಾನ್ಯ ಸದಸ್ಯರಿಗಾಗಿ, ಅಂದರೆ ವರ್ಷಕ್ಕೊಮ್ಮೆ ಸಭೆಗೆ ಬಂದು ಚಹಾ ಕುಡಿದು ಸಹಿ ಹಾಕಿ ಹೋಗುವವರಿಗಾಗಿ.

ಫಿಫಾ ಎಂದೊಡನೆ ನಮಗೆ ವಿಶ್ವಕಪ್ಪೂ ಕೋಟಿಗಟ್ಟಲೆ ಡಾಲರೂ ನೆನಪಾಗುತ್ತವೆ. ಆದರೆ 1904ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ ಜ್ಯೂರಿಕ್‌ನಲ್ಲಿ ನೆಲೆಯೂರಿದ, ಜಗತ್ತಿನ ಫುಟ್‌ಬಾಲ್ ಆಡಳಿತ ನಡೆಸುವ ಆ ಸಂಸ್ಥೆ ಕಾನೂನಿನ ಕಣ್ಣಿಗೆ ಕಂಪನಿಯಲ್ಲ, ಸರ್ಕಾರವೂ ಅಲ್ಲ. ಸ್ವಿಸ್ ನಾಗರಿಕ ಸಂಹಿತೆಯ 60ನೆಯ ವಿಧಿ ಮತ್ತು ಅದರ ಮುಂದಿನವುಗಳ ಪ್ರಕಾರ ಅದೊಂದು ಸಂಘ. ಬೈಲಾ, ಸದಸ್ಯತ್ವ, ಕಾರ್ಯಕಾರಿ ಸಮಿತಿ, ವಾರ್ಷಿಕ ಸಭೆ ಇವೆಲ್ಲ ಅಲ್ಲಿಯೂ ಇವೆ. 211 ಸದಸ್ಯ ಸಂಸ್ಥೆಗಳಿಗೆ, ದೇಶ ದೊಡ್ಡದಿರಲಿ ಚಿಕ್ಕದಿರಲಿ, ತಲಾ ಒಂದು ಮತ. ಗಾತ್ರವನ್ನು ಬದಿಗಿಟ್ಟರೆ ನಮ್ಮ ಕ್ಲಬ್ಬಿನ ರಚನೆಗೂ ಅದರ ರಚನೆಗೂ ಅಷ್ಟೇನೂ ಅಂತರವಿಲ್ಲ. ಆದ್ದರಿಂದಲೇ ಅಲ್ಲಿನ ಲಂಚದ ಹಗರಣದಲ್ಲಿ ಹಣ ಯಾವ ಸಂದಿಯಿಂದ ಸೋರಿತು ಎಂಬುದನ್ನು ಒಂದೊಂದಾಗಿ ಗುರುತಿಸಿಕೊಂಡು, ಅದೇ ಸಂದಿ ನಮ್ಮಲ್ಲಿಯೂ ಇದೆಯೇ ಎಂದು ಹುಡುಕಲು ಸಾಧ್ಯವಾಗುತ್ತದೆ.

ಮೊದಲು ನೋಡಬೇಕಾದದ್ದು ಮತ

ಬೈಲಾದ ಪ್ರತಿ ತರಿಸಿಕೊಳ್ಳಿ. ಅದು ನಿಮ್ಮ ಹಕ್ಕು. ಕಾರ್ಯದರ್ಶಿ ಕೊಡದಿದ್ದರೆ ನೋಂದಣಾಧಿಕಾರಿಯ ಕಚೇರಿಯಲ್ಲಿ ಸಿಗುತ್ತದೆ. ಅದರಲ್ಲಿ ಹುಡುಕಬೇಕಾದ ಸಂಗತಿ ಒಂದೇ: ಹಣದ ದೊಡ್ಡ ತೀರ್ಮಾನಗಳನ್ನು, ಅಂದರೆ ಪಂದ್ಯಾವಳಿ ಎಲ್ಲಿ ನಡೆಯಬೇಕು, ಪ್ರಾಯೋಜಕರು ಯಾರು, ಜಿಲ್ಲಾ ತಂಡದ ಆಯ್ಕೆ ಯಾರ ಕೈಯಲ್ಲಿ ಎಂಬುದನ್ನು ಎಷ್ಟು ಮಂದಿ ಸೇರಿ ನಿರ್ಧರಿಸುತ್ತಾರೆ?

2010ರ ಡಿಸೆಂಬರ್ 2ರಂದು ಜ್ಯೂರಿಕ್‌ನಲ್ಲಿ 2018ರ ವಿಶ್ವಕಪ್ಪನ್ನು ರಷ್ಯಾಕ್ಕೂ 2022ರದ್ದನ್ನು ಕತಾರ್‌ಗೂ ಕೊಟ್ಟದ್ದು 24 ಜನರ ಕಾರ್ಯಕಾರಿ ಸಮಿತಿ. ಆ 24ರಲ್ಲಿ ನೈಜೀರಿಯಾದ ಅಮೋಸ್ ಆದಮು ಮತ್ತು ತಾಹಿತಿಯ ರೆನಾಲ್ಡ್ ತೆಮಾರಿ ಇಬ್ಬರೂ ಬ್ರಿಟನ್ನಿನ ಪತ್ರಿಕೆಯೊಂದರ ಗುಪ್ತ ಕಾರ್ಯಾಚರಣೆಯಲ್ಲಿ ಸಿಕ್ಕಿಬಿದ್ದು ಅಮಾನತಾಗಿದ್ದರಿಂದ ಮತ ಹಾಕಿದವರು 22 ಮಂದಿ ಮಾತ್ರ. ಕೊನೆಯ ಸುತ್ತಿನಲ್ಲಿ ಕತಾರ್‌ಗೆ 14, ಅಮೆರಿಕಕ್ಕೆ 8 ಮತ ಬಿದ್ದವು. ಮತದಾನ ಗುಪ್ತವಾಗಿತ್ತು, ಯಾರು ಯಾರಿಗೆ ಹಾಕಿದರು ಎಂಬುದು ದಾಖಲಾಗಲಿಲ್ಲ. ಇಷ್ಟು ದೊಡ್ಡ ಲಾಭದ ತೀರ್ಮಾನ ಒಂದು ಮಿನಿ ಬಸ್ಸಿನಲ್ಲಿ ಹಿಡಿಯುವಷ್ಟು ಜನರ ಕೈಯಲ್ಲಿದ್ದರೆ, ಕೊಳ್ಳಲು ಬಂದವನಿಗೆ ಎಲ್ಲರನ್ನೂ ಕೊಳ್ಳುವ ಅಗತ್ಯವಿಲ್ಲ, ಅರ್ಧಕ್ಕಿಂತ ಒಬ್ಬ ಹೆಚ್ಚಿದ್ದರೆ ಸಾಕು. ಮುಂದೆ ಫಿಫಾ ಆತಿಥ್ಯದ ತೀರ್ಮಾನವನ್ನು ಸದಸ್ಯರ ಮಹಾಸಭೆಗೆ ಒಪ್ಪಿಸಿತು, 2016ರ ಸುಧಾರಣೆಯಲ್ಲಿ ಆ ಸಮಿತಿಯನ್ನು 37 ಜನರ ಮಂಡಳಿಯಾಗಿ ಮಾಡಿತು. 2018ರ ಜೂನ್ 13ರಂದು ಮಾಸ್ಕೋದಲ್ಲಿ 2026ರ ಪಂದ್ಯಾವಳಿಗಾಗಿ ನಡೆದ ಮತದಾನದಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೊಗಳ ಜಂಟಿ ಅರ್ಜಿಗೆ 134, ಮೊರಾಕ್ಕೊಗೆ 65 ಮತ ಬಂದವು. ಪ್ರತಿಯೊಂದು ದೇಶದ ಮತವೂ ಹೆಸರಿನ ಸಮೇತ ಪ್ರಕಟವಾಯಿತು.

ಆದ್ದರಿಂದ ನಿಮ್ಮ ಬೈಲಾಕ್ಕೆ ಒಂದು ತಿದ್ದುಪಡಿ ಕೇಳಿ: ನಿಗದಿತ ಮೊತ್ತವನ್ನು ಮೀರಿದ ಪ್ರತಿ ತೀರ್ಮಾನದಲ್ಲೂ ಪರ ಯಾರು, ವಿರೋಧ ಯಾರು ಎಂದು ನಡಾವಳಿ ಪುಸ್ತಕದಲ್ಲಿ ಹೆಸರಿನೊಂದಿಗೆ ಬರೆಯಬೇಕು. ನಮ್ಮ ಕಡೆ ಇದಕ್ಕೆ ಎದುರಾಗುವ ತೊಡಕು ಲಂಚಕ್ಕಿಂತ ಹೆಚ್ಚಾಗಿ ದಾಕ್ಷಿಣ್ಯದ್ದು. ಯಾವ ಸಂಘದ ನಡಾವಳಿ ತೆರೆದರೂ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಒಂದೇ ವಾಕ್ಯ ಪುಟಪುಟದಲ್ಲೂ ಕಾಣುತ್ತದೆ. ಚರ್ಚೆಯಾದದ್ದೂ ಹಾಗೆಯೇ, ಜಗಳವಾದದ್ದೂ ಹಾಗೆಯೇ, ಯಾರೂ ಬಾಯಿ ತೆರೆಯದ್ದೂ ಹಾಗೆಯೇ. ಫಿಫಾ ಕೂಡ ಹೆಸರು ಬರೆದುಕೊಳ್ಳುವ ಪಾಠವನ್ನು ಬಹಳ ದಿನ ನೆನಪಿಟ್ಟುಕೊಳ್ಳಲಿಲ್ಲ. 2024ರ ಡಿಸೆಂಬರ್ 11ರಂದು 2030 ಮತ್ತು 2034ರ ವಿಶ್ವಕಪ್ಪುಗಳ ಆತಿಥ್ಯ ಆನ್‌ಲೈನ್ ಸಭೆಯಲ್ಲಿ ಚಪ್ಪಾಳೆಯಿಂದಲೇ ತೀರ್ಮಾನವಾಯಿತು. 2034ಕ್ಕೆ ಸೌದಿ ಅರೇಬಿಯಾ ಒಂದೇ ಅರ್ಜಿದಾರ. ಚಪ್ಪಾಳೆಯಲ್ಲಿ ಯಾರ ಕೈ ಸುಮ್ಮನಿತ್ತು ಎಂದು ಯಾವ ನಡಾವಳಿಯೂ ಹೇಳುವುದಿಲ್ಲ.

ಅನಂತರ ಪಹಣಿ

ಇಡೀ ಫಿಫಾ ಪ್ರಕರಣದಲ್ಲಿ ಮಲೆನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲದ ಅಧ್ಯಾಯವೆಂದರೆ ಟ್ರಿನಿಡಾಡ್‌ನ ಮಕೋಯಾ ಎಂಬಲ್ಲಿನ ಕಟ್ಟಡದ್ದು. ಉತ್ತರ ಮತ್ತು ಮಧ್ಯ ಅಮೆರಿಕ ಹಾಗೂ ಕೆರಿಬಿಯನ್ ದೇಶಗಳ ಒಕ್ಕೂಟವಾದ ಕಾನ್ಕಕಾಫ್‌ಗೆ ಆಗ ಜಾಕ್ ವಾರ್ನರ್ ಅಧ್ಯಕ್ಷ. ಫಿಫಾದ ಉಪಾಧ್ಯಕ್ಷನೂ ಅವನೇ. ಒಕ್ಕೂಟಕ್ಕಾಗಿ ಮೈದಾನ, ಸಭಾಂಗಣ, ಹೋಟೆಲ್ ಎಲ್ಲವೂ ಇರುವ ಉತ್ಕೃಷ್ಟತಾ ಕೇಂದ್ರವೊಂದು ಎದ್ದಿತು. ಅಂದಿನ ಫಿಫಾ ಅಧ್ಯಕ್ಷ ಜುವಾವ್ ಹವಲಾಂಜ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಸುಮಾರು 2.6 ಕೋಟಿ ಡಾಲರ್ ಅದಕ್ಕೆ ಸಂದಿತು. ಬಾರ್ಬಡೋಸ್‌ನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಡೇವಿಡ್ ಸಿಮನ್ಸ್ ನೇತೃತ್ವದ ಸಮಿತಿ 2013ರಲ್ಲಿ ವರದಿ ಕೊಟ್ಟಾಗ ಹೊರಬಿದ್ದದ್ದೇನೆಂದರೆ, ಆ ಕಟ್ಟಡ ನಿಂತ ಭೂಮಿ ಒಕ್ಕೂಟದ ಹೆಸರಿನಲ್ಲಿ ಇರಲೇ ಇಲ್ಲ, ವಾರ್ನರ್‌ಗೆ ಸೇರಿದ ಕಂಪನಿಗಳ ಹೆಸರಿನಲ್ಲಿತ್ತು. ಒಕ್ಕೂಟದ ಪದಾಧಿಕಾರಿಗಳು ಹಕ್ಕುಪತ್ರ ತರಿಸಿ ನೋಡಿದ್ದರೆ ಇದು ಮೊದಲೇ ತಿಳಿಯುತ್ತಿತ್ತು.

ನಮ್ಮಲ್ಲಿ ಕ್ಲಬ್ಬಿನ ಮೈದಾನ ಹೇಗಿರುತ್ತದೆ? ಯಾರೋ ಹಿರಿಯ ಪ್ಲಾಂಟರು ಬಾಯಿಮಾತಿನಲ್ಲಿ ಆಡಲು ಬಿಟ್ಟ ಜಾಗ, ಗ್ರಾಮ ಪಂಚಾಯಿತಿಯ ನಿವೇಶನ, ಗೋಮಾಳದ ತುದಿ, ಇಲ್ಲವೇ ಚಂದಾ ಎತ್ತಿ ‘ಸದ್ಯಕ್ಕೆ’ ಅಧ್ಯಕ್ಷರ ಹೆಸರಿನಲ್ಲಿ ಕೊಂಡ ಅರ್ಧ ಎಕರೆ. ‘ಸದ್ಯಕ್ಕೆ’ ಎಂಬ ಆ ಮಾತು ನಮ್ಮ ಕಡೆ ಇಪ್ಪತ್ತು ವರ್ಷವಾದರೂ ಬಾಳುತ್ತದೆ. ಅಷ್ಟರಲ್ಲಿ ಅಧ್ಯಕ್ಷರು ತೀರಿಕೊಂಡು ಮಕ್ಕಳು ಪಾಲು ಮಾಡಿಕೊಳ್ಳಲು ಕುಳಿತಿರುತ್ತಾರೆ.

ಪರಿಶೀಲಿಸುವ ಕ್ರಮ ಹೀಗಿರಲಿ. ಸರ್ವೆ ನಂಬರ್ ತಿಳಿದುಕೊಂಡು ‘ಭೂಮಿ’ ಜಾಲತಾಣದಲ್ಲಿ ಪಹಣಿ ತೆಗೆಯಿರಿ. ಒಂಬತ್ತನೆಯ ಮತ್ತು ಹನ್ನೊಂದನೆಯ ಕಾಲಂಗಳಲ್ಲಿ ಯಾರ ಹೆಸರಿದೆ, ಯಾವ ಋಣವಿದೆ ಎಂದು ನೋಡಿ. ಪಟ್ಟಣದೊಳಗಿನ ನಿವೇಶನವಾದರೆ ಖಾತೆ ನೋಡಿ. ‘ಕಾವೇರಿ’ ತಂತ್ರಾಂಶದ ಮೂಲಕ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಆ ಜಾಗ ಅಡಮಾನಕ್ಕೆ ಹೋಗಿದೆಯೇ ಎಂಬುದು ಗೊತ್ತಾಗುತ್ತದೆ. ಕ್ಲಬ್ಬಿನ ಆಸ್ತಿ ವಹಿಯಲ್ಲಿ ಬರೆದದ್ದಕ್ಕೂ ಈ ಮೂರು ಕಾಗದಗಳಿಗೂ ತಾಳೆಯಾಗದಿದ್ದರೆ, ಆ ಮೈದಾನದ ಮೇಲೆ ಕ್ಲಬ್ಬಿನ ಹಣದಿಂದ ಒಂದು ಲೋಡು ಮಣ್ಣನ್ನೂ ಹಾಕಿಸಬೇಡಿ ಎಂದು ಸಭೆಯಲ್ಲಿ ಹೇಳಿ. ಬಾಯಿಮಾತಿನ ಜಾಗವಾಗಿದ್ದರೆ ಮಾಲೀಕರಿಂದ ಕಾಲಾವಧಿ ನಮೂದಿಸಿದ ಪರವಾನಗಿ ಪತ್ರವನ್ನಾದರೂ ಬರೆಸಿಕೊಳ್ಳಿ. ಒಳ್ಳೆಯ ಮಾಲೀಕರು ಇದಕ್ಕೆ ಬೇಸರಿಸುವುದಿಲ್ಲ, ಬೇಸರಿಸಿದವರ ಜಾಗದಲ್ಲಿ ಗೋಲ್ ಕಂಬ ನೆಡುವ ಮೊದಲು ಇನ್ನೊಮ್ಮೆ ಯೋಚಿಸುವುದು ಲೇಸು.

ಮಧ್ಯವರ್ತಿಯ ಔಟ್‌ಟರ್ನ್

ಕಾಫಿ ಮಾರುವವರಿಗೆ ಔಟ್‌ಟರ್ನ್ ಎಂದರೇನೆಂದು ವಿವರಿಸಬೇಕಿಲ್ಲ. ಚೀಲದಲ್ಲಿ ಹೋದ ಚೆರ್ರಿಯಲ್ಲಿ ಹಲ್ಲಿಂಗ್ ಆದ ಮೇಲೆ, ಅಂದರೆ ಯಂತ್ರದಲ್ಲಿ ಸಿಪ್ಪೆ ಬಿಡಿಸಿದ ಮೇಲೆ, ಉಳಿಯುವ ಬೇಳೆ ಎಷ್ಟು ಎಂಬುದೇ ಲೆಕ್ಕ. ಅದು ತೀರಾ ಕಡಿಮೆ ಬಂದರೆ ಮಳೆಯನ್ನು ದೂರುವ ಮೊದಲು ತಕ್ಕಡಿಯನ್ನು ನೋಡುತ್ತೇವೆ. ಪ್ರಾಯೋಜಕರ ಹಣಕ್ಕೂ ಇದೇ ಪರೀಕ್ಷೆ ಮಾಡಬಹುದು: ಅವರ ಕೈ ಬಿಟ್ಟ ರೂಪಾಯಿಯಲ್ಲಿ ಮೈದಾನ ಮುಟ್ಟಿದ್ದು ಎಷ್ಟು ಪೈಸೆ?

ಫಿಫಾದಲ್ಲಿ ದೊಡ್ಡ ಸೋರಿಕೆಯೆಲ್ಲ ಈ ಹಲ್ಲಿಂಗ್ ಯಂತ್ರದಲ್ಲಿಯೇ ಆದದ್ದು. ಪಂದ್ಯಗಳ ಪ್ರಸಾರದ ಹಕ್ಕನ್ನು ಸಂಘವು ನೇರವಾಗಿ ಟಿವಿ ವಾಹಿನಿಗೆ ಮಾರುವ ಬದಲು ನಡುವೆ ಒಂದು ಮಾರ್ಕೆಟಿಂಗ್ ಕಂಪನಿಗೆ ಮಾರುತ್ತದೆ. ಆ ಕಂಪನಿ ಹೆಚ್ಚಿನ ಬೆಲೆಗೆ ಮುಂದಕ್ಕೆ ಮಾರಿ, ತನಗೆ ಉಳಿದ ಲಾಭದಲ್ಲಿ ಒಂದು ಪಾಲನ್ನು ಹಕ್ಕು ಕೊಡಿಸಿದ ಪದಾಧಿಕಾರಿಗಳಿಗೆ ಹಿಂದಿನ ಬಾಗಿಲಿನಿಂದ ಕಳಿಸುತ್ತದೆ. ಸಂಘದ ಪುಸ್ತಕದಲ್ಲಿ ಕಳ್ಳತನ ಕಾಣುವುದೇ ಇಲ್ಲ, ಏಕೆಂದರೆ ಕದ್ದ ಹಣ ಆ ಪುಸ್ತಕದೊಳಗೆ ಬಂದೇ ಇರುವುದಿಲ್ಲ. 2001ರಲ್ಲಿ ದಿವಾಳಿಯಾದ ಐಎಸ್‌ಎಲ್ ಎಂಬ ಸ್ವಿಸ್ ಮಾರ್ಕೆಟಿಂಗ್ ಕಂಪನಿಯ ಕಡತಗಳಲ್ಲಿ ಹವಲಾಂಜ್ ಮತ್ತು ಬ್ರೆಜಿಲ್‌ನ ರಿಕಾರ್ಡೊ ತೆಶೇರಾ ಅವರಿಗೆ ಹೋದ ಹಣದ ವಿವರ ಸಿಕ್ಕಿತು. ತೆಶೇರಾ ಒಬ್ಬರಿಗೇ 1992ರಿಂದ 1997ರವರೆಗೆ 1.27 ಕೋಟಿ ಸ್ವಿಸ್ ಫ್ರಾಂಕಿಗೂ ಹೆಚ್ಚು. 1997ರಲ್ಲಿ ಹವಲಾಂಜ್‌ಗಾಗಿ ಕಳಿಸಿದ 15 ಲಕ್ಷ ಫ್ರಾಂಕ್ ಕೈತಪ್ಪಿ ಫಿಫಾದ ಖಾತೆಗೇ ಬಂದು ಬಿದ್ದಿತ್ತು. ಫಿಫಾ ಆ ಹಣವನ್ನು ಎಲ್ಲಿಂದ, ಏಕೆ ಬಂತೆಂದು ಬಹಿರಂಗವಾಗಿ ಕೇಳಲಿಲ್ಲ. ಆಗ ಸ್ವಿಟ್ಜರ್ಲೆಂಡ್‌ನಲ್ಲಿ ಖಾಸಗಿ ಸಂಸ್ಥೆಯ ಪದಾಧಿಕಾರಿ ಕಮಿಷನ್ ತಿನ್ನುವುದು ಅಪರಾಧವೇ ಆಗಿರಲಿಲ್ಲ. ಹೆಸರುಗಳು ಅಧಿಕೃತವಾಗಿ ಹೊರಬರಲು 2012ರವರೆಗೆ ಕಾಯಬೇಕಾಯಿತು.

ಇದೇ ಮಾದರಿ ಅಮೆರಿಕ ಖಂಡಗಳಲ್ಲಿ ಇನ್ನೂ ದೊಡ್ಡದಾಗಿ ಬೆಳೆಯಿತು. 2015ರ ಮೇ 27ರ ಮುಂಜಾನೆ ಜ್ಯೂರಿಕ್‌ನ ಬೌರ್ ಓ ಲಾಕ್ ಹೋಟೆಲಿನಲ್ಲಿ ಪದಾಧಿಕಾರಿಗಳನ್ನು ಬಂಧಿಸಿದ ದಿನ ಅಮೆರಿಕದ ನ್ಯಾಯಾಂಗ ಇಲಾಖೆ ಹೊರಡಿಸಿದ ಆರೋಪಪಟ್ಟಿಯಲ್ಲಿ 14 ಆರೋಪಿಗಳಿದ್ದರು, 47 ಆರೋಪಗಳಿದ್ದವು. 24 ವರ್ಷಗಳಲ್ಲಿ 15 ಕೋಟಿ ಡಾಲರಿಗೂ ಹೆಚ್ಚು ಲಂಚ ಕೈ ಬದಲಾಯಿಸಿತ್ತು ಎಂಬುದು ಅದರ ಸಾರ. ಒಳಗಿನಿಂದ ಮಾಹಿತಿ ಕೊಟ್ಟವನು ಕಾನ್ಕಕಾಫ್‌ನ ಪ್ರಧಾನ ಕಾರ್ಯದರ್ಶಿಯಾಗಿದ್ದ ಚಕ್ ಬ್ಲೇಜರ್. ಒಪ್ಪಂದದ ಪ್ರಕಾರವೇ ಶೇ. 10ರ ಕಮಿಷನ್ ಪಡೆಯುತ್ತಿದ್ದ ಅವನು ವರ್ಷಗಟ್ಟಲೆ ಆದಾಯ ತೆರಿಗೆಯ ವಿವರವನ್ನೇ ಸಲ್ಲಿಸಿರಲಿಲ್ಲ, ತನಿಖೆಯವರು ಅವನನ್ನು ಹಿಡಿದದ್ದು ಆ ಎಳೆಯಿಂದ.

ನಮ್ಮ ಕ್ಲಬ್ಬಿನಲ್ಲಿ ಆದದ್ದು ಇದರ ಸಾವಿರದಲ್ಲೊಂದು ಪಾಲೂ ಅಲ್ಲ. ಒಂದು ಬೇಸಿಗೆಯಲ್ಲಿ ಪ್ರಾಯೋಜಕರೊಬ್ಬರು 25,000 ರೂಪಾಯಿ ಕೊಟ್ಟರು. ಅದನ್ನು ತಂದುಕೊಟ್ಟ ಸಮಿತಿಯ ಸದಸ್ಯರು ನನ್ನ ಕೈಗಿಟ್ಟದ್ದು 15,000. ನಾನು ಅದಕ್ಕೆ ರಸೀದಿಯನ್ನೂ ಬರೆದೆ. ಮೂರು ತಿಂಗಳ ನಂತರ ಆ ಪ್ರಾಯೋಜಕರು ತಮ್ಮ ಲೆಕ್ಕಕ್ಕಾಗಿ ರಸೀದಿ ಕೇಳಲು ಬಂದಾಗಲೇ ವ್ಯತ್ಯಾಸ ಗೊತ್ತಾದದ್ದು. ಉಳಿದ ಹತ್ತು ಸಾವಿರ ‘ಓಡಾಟದ ಖರ್ಚು’ ಎಂಬ ಉತ್ತರ ಬಂತು. ತಪ್ಪು ಅವರದಷ್ಟೇ ಅಲ್ಲ, ಹಣ ಕೊಟ್ಟವರ ಕೈಗೆ ರಸೀದಿ ಮುಟ್ಟಿಸದೆ ತಂದವರ ಕೈಗೆ ಕೊಟ್ಟ ನನ್ನದೂ ಹೌದು. ಅಂದಿನಿಂದ ನಾವು ಪಾಲಿಸಿದ ಕ್ರಮ ಸರಳ: ಪ್ರಾಯೋಜಕರ ಹಣ ಕ್ಲಬ್ಬಿನ ಬ್ಯಾಂಕ್ ಖಾತೆಗೆ ಮಾತ್ರ ಬರಬೇಕು, ಬ್ಯಾನರಿನ ಕೆಳಗಿನ ಕ್ಯೂಆರ್ ಸಂಕೇತವೂ ಆ ಖಾತೆಯದೇ ಆಗಿರಬೇಕು, ಯಾರ ಸ್ವಂತ ಮೊಬೈಲಿನದ್ದೂ ಅಲ್ಲ, ರಸೀದಿ ನೇರವಾಗಿ ಕೊಟ್ಟವರಿಗೆ ಹೋಗಬೇಕು, ಹಣ ತಂದವರಿಗೆ ಕಮಿಷನ್ ಕೊಡುವುದಾದರೆ ಮೊದಲೇ ಸಭೆಯಲ್ಲಿ ನಿರ್ಣಯಿಸಿ ಖರ್ಚಿನಲ್ಲಿ ಬರೆಯಬೇಕು. ಪಂದ್ಯಾವಳಿ ಮುಗಿದ ಮೇಲೆ ಇಬ್ಬರು ಸದಸ್ಯರು ಪಟ್ಟಿ ಹಿಡಿದು ಪ್ರಾಯೋಜಕರ ಬಳಿಗೆ ಹೋಗಿ ‘ನೀವು ಕೊಟ್ಟದ್ದು ಇಷ್ಟೇ ತಾನೇ’ ಎಂದು ಕೇಳಿಬರುವುದು ಸ್ವಲ್ಪ ಮುಜುಗರದ ಕೆಲಸ, ಆದರೆ ಪುಸ್ತಕದೊಳಗೆ ಬಾರದ ಹಣವನ್ನು ಹಿಡಿಯಲು ನನಗೆ ತಿಳಿದ ದಾರಿ ಅದೊಂದೇ.

ಖರ್ಚಿನ ಶೀರ್ಷಿಕೆಗಳನ್ನೂ ಓದಿ. 2008ರಲ್ಲಿ ಫಿಫಾದ ಖಾತೆಯಿಂದ 1 ಕೋಟಿ ಡಾಲರ್ ಕೆರಿಬಿಯನ್‌ಗೆ ಹೋಯಿತು. ಆಫ್ರಿಕಾದಿಂದ ವಲಸೆ ಹೋದ ಜನಾಂಗಗಳಿಗೆ ದಕ್ಷಿಣ ಆಫ್ರಿಕಾ ನೀಡುವ ಫುಟ್‌ಬಾಲ್ ಕೊಡುಗೆ ಎಂಬುದು ಅದರ ಶೀರ್ಷಿಕೆ. 2010ರ ವಿಶ್ವಕಪ್ ಆತಿಥ್ಯದ ಮತಗಳಿಗೆ ಕೊಟ್ಟ ಬೆಲೆ ಎಂಬುದು ಅಮೆರಿಕದ ಆರೋಪ, ಅಲ್ಲವೆಂಬುದು ದಕ್ಷಿಣ ಆಫ್ರಿಕಾದ ವಾದ. ‘ಅಭಿವೃದ್ಧಿ’, ‘ಪ್ರೋತ್ಸಾಹ’, ‘ಇತರೆ’ ಎಂಬ ಬಾಬ್ತುಗಳ ಎದುರು ಬಿಲ್ಲು ಕೇಳಬೇಕು.

ಲಕೋಟೆ ಕೈಗೆ ಬಂದಾಗ

2011ರ ಮೇ ತಿಂಗಳಲ್ಲಿ, ಫಿಫಾ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಕತಾರ್‌ನ ಮೊಹಮ್ಮದ್ ಬಿನ್ ಹಮ್ಮಾಮ್ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಕೆರಿಬಿಯನ್ ಪ್ರತಿನಿಧಿಗಳನ್ನು ಭೇಟಿಯಾದರು. ಅನಂತರ ಪ್ರತಿನಿಧಿಗಳನ್ನು ಒಬ್ಬೊಬ್ಬರಾಗಿ ಕೋಣೆಗೆ ಕರೆದು ಲಕೋಟೆ ಕೊಡಲಾಯಿತು. ಒಳಗೆ ತಲಾ 40,000 ಡಾಲರ್ ನಗದು. ಬಹಾಮಾಸ್‌ನ ಪ್ರತಿನಿಧಿ ನೋಟುಗಳ ಫೋಟೊ ತೆಗೆದು, ತನ್ನ ಅಧ್ಯಕ್ಷನಿಗೆ ತಿಳಿಸಿ, ಹಣವನ್ನು ಹಿಂದಿರುಗಿಸಿದ. ಹಗರಣ ಹೊರಬಿದ್ದದ್ದಕ್ಕೆ ಆ ಫೋಟೊ ಒಂದು ಮುಖ್ಯ ಕಾರಣ. ಆದರೂ ಬಿನ್ ಹಮ್ಮಾಮ್‌ಗೆ ಹಾಕಿದ ಆಜೀವ ನಿಷೇಧವನ್ನು ಕ್ರೀಡಾ ನ್ಯಾಯಮಂಡಳಿ 2012ರ ಜುಲೈನಲ್ಲಿ ಸಾಕ್ಷ್ಯ ಸಾಲದೆಂದು ರದ್ದುಪಡಿಸಿತು. ನೋಟುಗಳಿದ್ದವು, ಅವು ಯಾರ ಜೇಬಿನಿಂದ ಬಂದವು ಎಂಬ ಕೊಂಡಿ ಸಾಬೀತಾಗಲಿಲ್ಲ. ಬೇರೆ ಆರೋಪಗಳ ಮೇಲೆ ಫಿಫಾ ಅದೇ ಡಿಸೆಂಬರ್‌ನಲ್ಲಿ ಅವರನ್ನು ಮತ್ತೆ ಆಜೀವ ನಿಷೇಧಿಸಿತು.

ನಿಮಗೆ ಯಾರಾದರೂ ಆಯ್ಕೆಗಾಗಿ, ಮತಕ್ಕಾಗಿ, ರೆಫರಿಗಾಗಿ ಹಣ ಕೊಡಲು ಬಂದರೆ, ಅಥವಾ ಕೇಳಿದರೆ, ಅಂದೇ ರಾತ್ರಿ ದಿನಾಂಕ, ಸಮಯ, ಜಾಗ, ಆಡಿದ ಮಾತು, ಅಲ್ಲಿದ್ದವರ ಹೆಸರು ಬರೆದಿಡಿ. ಸಂದೇಶ ಬಂದಿದ್ದರೆ ಅಳಿಸಬೇಡಿ. ಹಿಂದಿರುಗಿಸುವಾಗ ಇನ್ನೊಬ್ಬರ ಎದುರಿನಲ್ಲಿ ಹಿಂದಿರುಗಿಸಿ, ಅದನ್ನು ಅಧ್ಯಕ್ಷರಿಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವ ಆತುರ ಬೇಡ; ಮಾನನಷ್ಟದ ನೋಟಿಸು ಬರುವುದು ಅಲ್ಲಿಂದಲೇ, ಎದುರಿನವರು ಎಚ್ಚರಗೊಳ್ಳುವುದೂ ಅಲ್ಲಿಂದಲೇ. ಸರ್ಕಾರಿ ನೌಕರನಿಗೆ ಒತ್ತಾಯಕ್ಕೆ ಸಿಕ್ಕಿ ಲಂಚ ಕೊಡಬೇಕಾಗಿ ಬಂದರೆ ಏಳು ದಿನಗಳೊಳಗೆ ದೂರು ಕೊಟ್ಟವರಿಗೆ 2018ರ ತಿದ್ದುಪಡಿಯಾದ ಭ್ರಷ್ಟಾಚಾರ ನಿಗ್ರಹ ಅಧಿನಿಯಮದಲ್ಲಿ ರಕ್ಷಣೆಯಿದೆ. ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ಅಂಶವೂ ಅದರಲ್ಲಿದೆ: ಸರ್ಕಾರದಿಂದಲೋ ಸ್ಥಳೀಯ ಸಂಸ್ಥೆಯಿಂದಲೋ ಧನಸಹಾಯ ಪಡೆದ ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ ಅಥವಾ ಇತರ ಸಂಸ್ಥೆಯ ಪದಾಧಿಕಾರಿಯೂ ‘ಸಾರ್ವಜನಿಕ ಸೇವಕ’ ಎಂಬ ವ್ಯಾಖ್ಯೆಯೊಳಗೆ ಬರುತ್ತಾನೆ. ಅನುದಾನ ಪಡೆದ ಕ್ರೀಡಾ ಸಂಘದ ಕಾರ್ಯದರ್ಶಿ ‘ಇದು ನಮ್ಮ ಖಾಸಗಿ ಸಂಘ’ ಎನ್ನುವ ಮೊದಲು ಈ ಸಾಲನ್ನು ಓದಬೇಕು.

ಬಾಯಿಮಾತಿನ ಕರಾರಿನ ಬಗ್ಗೆ ಒಂದೇ ಮಾತು. 2011ರಲ್ಲಿ ಫಿಫಾ ಅಧ್ಯಕ್ಷ ಸೆಪ್ ಬ್ಲಾಟರ್ ಅವರ ಒಪ್ಪಿಗೆಯಿಂದ ಯುರೋಪಿನ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರಾಗಿದ್ದ ಮಿಶೆಲ್ ಪ್ಲಾಟಿನಿಗೆ 20 ಲಕ್ಷ ಫ್ರಾಂಕ್ ಸಂದಿತು. 1998ರಿಂದ 2002ರವರೆಗೆ ಮಾಡಿದ ಸಲಹೆಗಾರನ ಕೆಲಸಕ್ಕೆ ಬಾಯಿಮಾತಿನಲ್ಲಿ ಒಪ್ಪಿದ್ದ ಬಾಕಿ ಎಂದರು ಇಬ್ಬರೂ. 2022ರಲ್ಲೂ ಮೇಲ್ಮನವಿಯಲ್ಲಿ 2025ರಲ್ಲೂ ಸ್ವಿಸ್ ನ್ಯಾಯಾಲಯಗಳು ಅವರನ್ನು ಖುಲಾಸೆ ಮಾಡಿದವು. ಆದರೆ ಅಷ್ಟರಲ್ಲಿ ಇಬ್ಬರ ಹುದ್ದೆಯೂ ಹೋಗಿತ್ತು. ಕೋಚ್‌ಗೆ ಕೊಡುವ ಸಂಬಳವನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಕೋಚ್‌ಗೂ ಒಳ್ಳೆಯದು.

ಲೆಕ್ಕ ನೋಡುವವರನ್ನು ನೇಮಿಸುವವರು ಯಾರು

ಮೈಕೆಲ್ ಗಾರ್ಸಿಯಾ ಎಂಬ ಅಮೆರಿಕದ ವಕೀಲರು 2018 ಮತ್ತು 2022ರ ಆತಿಥ್ಯದ ಬಗ್ಗೆ ತನಿಖೆ ಮಾಡಿ 2014ರಲ್ಲಿ ವರದಿ ಕೊಟ್ಟರು. ಫಿಫಾ ಪ್ರಕಟಿಸಿದ್ದು ನೀತಿ ಸಮಿತಿಯ ನ್ಯಾಯಾಧೀಶರು ಬರೆದ 42 ಪುಟಗಳ ಸಾರಾಂಶವನ್ನು. ಅದು ತಮ್ಮ ವರದಿಯನ್ನು ತಪ್ಪಾಗಿ ಬಿಂಬಿಸುತ್ತದೆ ಎಂದ ಗಾರ್ಸಿಯಾ ಅದೇ ವರ್ಷ ರಾಜೀನಾಮೆ ಕೊಟ್ಟರು. ಪೂರ್ಣ ವರದಿ ಹೊರಬಂದದ್ದು 2017ರಲ್ಲಿ. ಹೊಸ ಅಧ್ಯಕ್ಷ ಜಾನಿ ಇನ್ಫಾಂಟಿನೊ ಬಂದ ಮೇಲೂ, 2016ರ ಮೇ ತಿಂಗಳಲ್ಲಿ, ಸ್ವತಂತ್ರ ಸಮಿತಿಗಳ ಸದಸ್ಯರನ್ನು ತೆಗೆಯುವ ಅಧಿಕಾರ ಮಂಡಳಿಯ ಕೈಗೆ ಹೋದದ್ದನ್ನು ವಿರೋಧಿಸಿ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷ ಡೊಮೆನಿಕೊ ಸ್ಕಾಲಾ ಹೊರನಡೆದರು. ಆದ್ದರಿಂದ ವಾರ್ಷಿಕ ಸಭೆಯಲ್ಲಿ ಕೇಳಬೇಕಾದದ್ದು ಎರಡು: ಲೆಕ್ಕಪರಿಶೋಧಕರನ್ನು ಸಮಿತಿಯಲ್ಲ, ಸರ್ವಸದಸ್ಯರ ಸಭೆ ನೇಮಿಸಬೇಕು, ಸಭೆಯೇ ತೆಗೆಯಬೇಕು, ಮತ್ತು ಓದಿ ಹೇಳುವ ಒಂದು ಪುಟದ ಜಮಾಖರ್ಚಿನ ಬದಲು ಪರಿಶೋಧಕರ ಟಿಪ್ಪಣಿಗಳಿರುವ ಪೂರ್ಣ ವರದಿ ಸಭೆಗೆ ಮೊದಲೇ ಸದಸ್ಯರ ಕೈ ಸೇರಬೇಕು.

ಇದ್ಯಾವುದಕ್ಕೂ ಸಮಿತಿ ಒಪ್ಪದಿದ್ದರೆ ದಾರಿಗಳಿವೆ. ಸಂಘವು ಪ್ರತಿವರ್ಷ ಆಡಳಿತ ಮಂಡಳಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕೆಂದು 1960ರ ಅಧಿನಿಯಮದ 13ನೆಯ ಪ್ರಕರಣ ಹೇಳುತ್ತದೆ. ಸಲ್ಲಿಸಿದೆಯೇ ಎಂದು ತಿಳಿಯಲು ಆ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಕ್ಲಬ್ಬಿಗೆ ಕ್ರೀಡಾ ಇಲಾಖೆಯಿಂದಲೋ ನಗರಸಭೆಯಿಂದಲೋ ಅನುದಾನ ಬಂದಿದ್ದರೆ ಅದರ ಬಳಕೆ ಪ್ರಮಾಣಪತ್ರದ ನಕಲನ್ನು ಆ ಕಚೇರಿಯಿಂದಲೇ ಬೇರೊಂದು ಅರ್ಜಿಯಲ್ಲಿ ಕೇಳಿ. ಎರಡೂ ಕಾಗದ ಬಂದ ಮೇಲೆ ಕ್ಲಬ್ಬಿನ ನಗದು ಪುಸ್ತಕದೊಂದಿಗೆ ತಾಳೆ ನೋಡಿ. ದೋಷ ಕಂಡರೆ ಸಂಘದ ಸದಸ್ಯರಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಜನ ಸಹಿ ಹಾಕಿ ಅರ್ಜಿ ಕೊಟ್ಟರೆ, 25ನೆಯ ಪ್ರಕರಣದಂತೆ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು.

ಆ ಮೂರನೆಯ ಒಂದು ಭಾಗವನ್ನು ಕೂಡಿಸುವುದೇ ಕಷ್ಟದ ಕೆಲಸ. ಸದಸ್ಯರ ಪಟ್ಟಿಯಲ್ಲಿ ಬೆಂಗಳೂರಿಗೆ ಹೋದವರು, ಕೊಲ್ಲಿ ದೇಶಗಳಲ್ಲಿರುವವರು, ತೀರಿಕೊಂಡವರು ಎಲ್ಲರೂ ಇರುತ್ತಾರೆ. ಲೆಕ್ಕದಲ್ಲಿ ಅವರೂ ಸೇರುವುದರಿಂದ ಮೊದಲು ಪಟ್ಟಿಯನ್ನು ಬೈಲಾದ ಪ್ರಕಾರ ಪರಿಷ್ಕರಿಸಲು ಸಭೆಯಲ್ಲಿ ಕೇಳಿ. ಸಹಿಗೆ ಓಡಾಡಲು ಜೂನ್ ಮೊದಲ ವಾರಕ್ಕಿಂತ ತಡಮಾಡಬೇಡಿ. ಮಳೆ ಹಿಡಿದ ಮೇಲೆ ಘಟ್ಟದ ಕಡೆಯ ಎಸ್ಟೇಟುಗಳಲ್ಲಿ ಕರೆಂಟೂ ಇರುವುದಿಲ್ಲ, ಫೋನೂ ಸಿಗುವುದಿಲ್ಲ; ಅರ್ಜಿಯ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, ಶಾಯಿ ಹರಡದ ಬಾಲ್‌ಪೆನ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೊರಡಿ.